ರಾಕಿಯ ಕೊನೆಯ ಗಂಟೆ ಹೊಡೆಯುವ ಹಕ್ಕು ಯಾರದು?

ಬಾಕ್ಸಿಂಗ್ ಸಿನಿಮಾ ನೋಡುವವರಿಗೆ ಈಗ ಲೆಕ್ಕ ತಪ್ಪುತ್ತಿದೆ. 1976ರ ‘ರಾಕಿ’ ಸಿನಿಮಾದಲ್ಲಿ ಹುಟ್ಟಿದ ಬಾಕ್ಸರ್ ಪಾತ್ರ ರಾಕಿ ಬಾಲ್ಬೋವಾನ ಕತೆ ಮುಗಿಯಿತು ಅಂತ 2006ರಲ್ಲೇ ಹೇಳಿದ್ದರು. 2015ರಲ್ಲಿ ಅವನು ‘ಕ್ರೀಡ್’ ಚಿತ್ರದಲ್ಲಿ ಮತ್ತೆ ಬಂದ. 2018ರಲ್ಲಿ ‘ಕ್ರೀಡ್ 2’ ಮುಗಿದಾಗ, ರಾಕಿಯನ್ನು ಬರೆದು ನಟಿಸಿದ ಸಿಲ್ವೆಸ್ಟರ್ ಸ್ಟಲೋನ್ ಈ ಪಾತ್ರಕ್ಕೆ ವಿದಾಯ ಹೇಳಿದರು. ಮರುವರ್ಷವೇ ರಾಕಿಯ ಇನ್ನೊಂದು ಕತೆ ತಲೆಯಲ್ಲಿದೆ ಎಂದರು. 2023ರ ‘ಕ್ರೀಡ್ 3’ ನೋಡಿದರೆ ಅದರಲ್ಲಿ ರಾಕಿಯೇ ಇಲ್ಲ. ಈಗ ‘ಕ್ರೀಡ್ 4’ರ ಮಾತು ನಡೆದಿದೆ. ಇದರ ಜೊತೆಗೆ, ಮೊದಲ ರಾಕಿ ಸಿನಿಮಾ ಹೇಗೆ ತಯಾರಾಯಿತು ಎಂಬುದನ್ನೇ ಕತೆ ಮಾಡಿಕೊಂಡ ‘ಐ ಪ್ಲೇ ರಾಕಿ’ ಎಂಬ ಚಿತ್ರ ಬೇರೆ. ಅದರಲ್ಲಿ ಸ್ಟಲೋನ್ ಪಾತ್ರಕ್ಕೆ ಇನ್ನೊಬ್ಬ ನಟ.

ಹಾಗಾದರೆ ಕೊನೆಯ ರಾಕಿ ಸಿನಿಮಾ ಯಾವುದು?

ಈ ಪ್ರಶ್ನೆಯ ಒಳಗೆ ಎರಡು ಪ್ರಶ್ನೆಗಳಿವೆ. ಕತೆ ಎಲ್ಲಿಗೆ ಮುಗಿಯಬೇಕು ಎಂಬುದು ಒಂದು. ಮುಗಿಸುವ ಅಧಿಕಾರ ಯಾರಿಗಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ 2006ರ ಸಿನಿಮಾ ತುಂಬ ಚೆನ್ನಾಗಿಯೇ ಉತ್ತರ ಕೊಟ್ಟಿತು. ಎರಡನೆಯದು ಮೊದಲ ಚಿತ್ರಕ್ಕೂ ಮುಂಚೆಯೇ ಕಾಗದದ ಮೇಲೆ ತೀರ್ಮಾನವಾಗಿತ್ತು. ಈಗಿನ ಗೊಂದಲವೆಲ್ಲ ಹುಟ್ಟಿದ್ದು ಆ ಕಾಗದದಿಂದ.

ಕತೆ ಕೊಟ್ಟು ಪಾತ್ರ ಪಡೆದ ವ್ಯಾಪಾರ

1975ರ ಮಾರ್ಚ್ 24. ಅಮೆರಿಕದ ಒಹಾಯೊ ರಾಜ್ಯದಲ್ಲಿ ಮುಹಮ್ಮದ್ ಅಲಿ ಎದುರು ಚಕ್ ವೆಪ್ನರ್ ಎಂಬ ಬಾಕ್ಸರ್ ನಿಂತ. ಅವನು ಗೆಲ್ಲುತ್ತಾನೆ ಅಂತ ಯಾರೂ ಎಣಿಸಿರಲಿಲ್ಲ. ಗೆಲ್ಲಲೂ ಇಲ್ಲ. ಆದರೆ ಒಂಬತ್ತನೇ ಸುತ್ತಿನಲ್ಲಿ ಅಲಿಯನ್ನು ಒಮ್ಮೆ ನೆಲಕ್ಕೆ ಬೀಳಿಸಿದ. ಹದಿನೈದನೇ ಸುತ್ತು ಮುಗಿಯಲು ಇನ್ನೇನು 19 ಸೆಕೆಂಡ್ ಇದೆ ಎನ್ನುವವರೆಗೂ ಹೊಡೆತ ತಿಂದು ನಿಂತಿದ್ದ.

ಅದನ್ನು ನೋಡಿದ ಸ್ಟಲೋನ್‌ಗೆ ಆಗ ವಯಸ್ಸು ಇಪ್ಪತ್ತೆಂಟು. ಕೈಯಲ್ಲಿ ಕಾಸಿಲ್ಲದ ಸಣ್ಣಪುಟ್ಟ ಪಾತ್ರಗಳ ನಟ. ಮೂರೂವರೆ ದಿನದಲ್ಲಿ ರಾಕಿಯ ಮೊದಲ ಕರಡು ಬರೆದರು. ಕತೆ ನಿರ್ಮಾಪಕರಾದ ಇರ್ವಿನ್ ವಿಂಕ್ಲರ್ ಮತ್ತು ರಾಬರ್ಟ್ ಚಾರ್ಟಾಫ್‌ಗೆ ಹಿಡಿಸಿತು. ಯುನೈಟೆಡ್ ಆರ್ಟಿಸ್ಟ್ಸ್ ಸ್ಟುಡಿಯೋಗೂ ಹಿಡಿಸಿತು. ಅವರಿಗೆ ಹಿಡಿಸದೆ ಇದ್ದದ್ದು ಸ್ಟಲೋನ್ ನಾಯಕನಾಗುವುದು ಮಾತ್ರ. ಕತೆ ಕೊಡಿ, ಪಾತ್ರಕ್ಕೆ ಹೆಸರಿರುವ ನಟನನ್ನು ಹಾಕುತ್ತೇವೆ ಎಂದರು. ಮೂರು ಲಕ್ಷ ಡಾಲರ್‌ಗೂ ಜಾಸ್ತಿ ಆಸೆ ತೋರಿಸಿದರು ಎಂದು ಸ್ಟಲೋನ್ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅವರು ಜಗ್ಗಲಿಲ್ಲ. ನಾನೇ ರಾಕಿ ಆಗಬೇಕು, ಇಲ್ಲದಿದ್ದರೆ ಕತೆ ಇಲ್ಲ ಎಂದು ಪಟ್ಟು ಹಿಡಿದರು.

ಈ ಪ್ರಸಂಗವನ್ನು ಹಟದ ಗೆಲುವು ಅಂತ ಹೇಳುವುದು ರೂಢಿ. ಗೆಲುವು ಹೌದು. ಆದರೆ ಅದು ವ್ಯಾಪಾರವೂ ಹೌದಲ್ವಾ? ಸ್ಟಲೋನ್ ಪಾತ್ರ ಪಡೆದರು. ಪಾತ್ರದ ಮಾಲೀಕತ್ವ ಅವರಿಗೆ ಉಳಿಯಲಿಲ್ಲ. ಸುಮಾರು 10 ಲಕ್ಷ ಡಾಲರ್‌ನಲ್ಲಿ, 28 ದಿನದಲ್ಲಿ ಮುಗಿಸಿದ ಸಿನಿಮಾ ಅಮೆರಿಕವೊಂದರಲ್ಲೇ 11 ಕೋಟಿ ಡಾಲರ್ ದಾಟಿತು. 1977ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯಿತು. ಇಂಥದ್ದಾಗುತ್ತದೆ ಅಂತ ಗೊತ್ತಿದ್ದರೆ ಯಾರಾದರೂ ಹಕ್ಕಿನ ಬಗ್ಗೆ ಇನ್ನೊಂದು ಮಾತು ಆಡುತ್ತಿದ್ದರು. ಬಾಡಿಗೆಗೇ ಪರದಾಡುತ್ತಿದ್ದವನು ಆರನೇ ಭಾಗದ ಹಕ್ಕನ್ನು ಯೋಚಿಸುತ್ತಾನೆಯೇ?

1990ರಲ್ಲಿ ತಪ್ಪಿದ ಅಂತ್ಯ

ಎರಡು, ಮೂರು, ನಾಲ್ಕನೇ ಭಾಗಗಳು ಒಂದಕ್ಕಿಂತ ಒಂದು ದೊಡ್ಡದಾಗುತ್ತ ಹೋದವು. 1985ರ ನಾಲ್ಕನೆಯದರಲ್ಲಿ ರಾಕಿ ಸೋವಿಯತ್ ಬಾಕ್ಸರ್ ಇವಾನ್ ಡ್ರಾಗೊನನ್ನು ಅವನ ದೇಶದಲ್ಲೇ ಸೋಲಿಸಿ ಬಂದ. ಅಲ್ಲಿಂದ ಮೇಲಕ್ಕೆ ಹೋಗಲು ಏಣಿಯಲ್ಲಿ ಮೆಟ್ಟಿಲೇ ಉಳಿದಿರಲಿಲ್ಲ.

1990ರ ಐದನೇ ಭಾಗ ಕೊನೆಯದಾಗಬೇಕಿತ್ತು. ಮೂಲ ಚಿತ್ರಕತೆಯಲ್ಲಿ ಬೀದಿ ಹೊಡೆದಾಟದ ನಂತರ ರಾಕಿ ಸಾಯುತ್ತಾನೆ. ಆಮೇಲೆ ಅದನ್ನು ಬದಲಿಸಿದರು. ರಾಕಿ ಬದುಕಿಕೊಂಡ, ಸಿನಿಮಾ ಬದುಕಲಿಲ್ಲ. ನಾಲ್ಕನೇ ಭಾಗ ಅಮೆರಿಕದಲ್ಲಿ 12 ಕೋಟಿ ಡಾಲರ್‌ಗೂ ಮಿಕ್ಕಿ ತಂದಿತ್ತು. ಐದನೆಯದು 4 ಕೋಟಿ ಚಿಲ್ಲರೆಗೆ ನಿಂತಿತು. ದುರಾಸೆಯಿಂದ ಮಾಡಿದ್ದು ಅಂತ ಸ್ಟಲೋನ್ ಅವರೇ ಮುಂದೆ ಒಪ್ಪಿಕೊಂಡರು.

ಆ ಸೋಲು ಎರಡು ಕೆಲಸ ಮಾಡಿತು. ಒಂದು, ಸ್ಟುಡಿಯೋಗಳು ರಾಕಿ ಎಂದರೆ ಮುಖ ತಿರುಗಿಸುವ ಹಾಗಾಯಿತು. ಇನ್ನೊಂದು, ಕತೆ ಅರ್ಧಕ್ಕೇ ನಿಂತಂತೆ ಉಳಿಯಿತು. ಹದಿನಾರು ವರ್ಷದ ಮೇಲೆ ಆರನೆಯದು ಹುಟ್ಟಿದ್ದು ಈ ಎರಡನೇ ಕಾರಣಕ್ಕೆ. ಅಷ್ಟು ತಡವಾದದ್ದು ಮೊದಲ ಕಾರಣಕ್ಕೆ.

ಅರವತ್ತರ ಬಾಕ್ಸರ್‌ನನ್ನು ನಂಬಿಸುವುದು ಹೇಗೆ?

ಆರನೇ ಸಿನಿಮಾ ‘ರಾಕಿ ಬಾಲ್ಬೋವಾ’ 2006ರ ಡಿಸೆಂಬರ್ 20ರಂದು ತೆರೆಗೆ ಬಂತು. ಆ ಹೊತ್ತಿಗೆ ಸ್ಟಲೋನ್‌ಗೆ ಅರವತ್ತು ತುಂಬಿತ್ತು. ಅರವತ್ತರವನು ಹೆವಿವೇಟ್ ಚಾಂಪಿಯನ್ ಎದುರು ರಿಂಗಿಗೆ ಇಳಿಯುತ್ತಾನೆ ಎಂದರೆ ಯಾರಿಗೂ ನಗು ಬರಬೇಕು. ಬಂತು ಕೂಡ. ಹಾಗಾಗಿ ಈ ಸಿನಿಮಾದ ನಿಜವಾದ ಕಸುಬು ಇರುವುದು ಆ ನಗುವನ್ನು ಒಂದೊಂದೇ ಹಂತದಲ್ಲಿ ಇಳಿಸಿದ್ದರಲ್ಲಿ.

ಮೊದಲ ಆಸರೆ ನಿಜ ಜೀವನದ್ದು. 1994ರ ನವೆಂಬರ್‌ನಲ್ಲಿ ಜಾರ್ಜ್ ಫೋರ್‌ಮನ್ 45ನೇ ವಯಸ್ಸಿನಲ್ಲಿ ಮೈಕೆಲ್ ಮೂರರ್‌ನನ್ನು ನಾಕೌಟ್ ಮಾಡಿ ಮತ್ತೆ ಹೆವಿವೇಟ್ ಚಾಂಪಿಯನ್ ಆಗಿದ್ದರು. ಅಲ್ಲಿಗೆ, ವಯಸ್ಸಾದವರು ಗೆಲ್ಲುವುದೇ ಇಲ್ಲ ಎಂಬ ಮಾತು ಬಿದ್ದುಹೋಗಿತ್ತು. ಆದರೂ 45ಕ್ಕೂ 60ಕ್ಕೂ ಎಷ್ಟು ದೂರ!

ಎರಡನೇ ಆಸರೆ ಕಂಪ್ಯೂಟರ್. ಸಿನಿಮಾದಲ್ಲಿ ಒಂದು ಟಿವಿ ವಾಹಿನಿ, ಹಳೆಯ ರಾಕಿಯೂ ಈಗಿನ ಚಾಂಪಿಯನ್ ಮೇಸನ್ ಡಿಕ್ಸನ್ನೂ ಹೊಡೆದಾಡಿದ್ದರೆ ಏನಾಗುತ್ತಿತ್ತು ಅಂತ ಕಂಪ್ಯೂಟರ್‌ನಲ್ಲಿ ಆಡಿಸಿ ತೋರಿಸುತ್ತದೆ. ಅದರಲ್ಲಿ ರಾಕಿ ಗೆಲ್ಲುತ್ತಾನೆ. ಚಾಂಪಿಯನ್‌ಗೆ ಅವಮಾನ, ರಾಕಿಗೆ ಆಸೆ. ಈ ಉಪಾಯಕ್ಕೂ ಬಾಕ್ಸಿಂಗ್ ಇತಿಹಾಸದಲ್ಲಿ ಬೇರು ಇದೆ. 1969ರಲ್ಲಿ ಮುಹಮ್ಮದ್ ಅಲಿ ಮತ್ತು ಆಗಲೇ ನಿವೃತ್ತರಾಗಿದ್ದ ರಾಕಿ ಮಾರ್ಸಿಯಾನೊ ಇಬ್ಬರನ್ನೂ ರಿಂಗಿಗೆ ಕರೆತಂದು ಹೊಡೆದಾಟದ ತುಣುಕುಗಳನ್ನು ಚಿತ್ರೀಕರಿಸಿದ್ದರು. ಫಲಿತಾಂಶ ಹೇಳಿದ್ದು ಕಂಪ್ಯೂಟರ್. 1970ರ ಜನವರಿಯಲ್ಲಿ ತೋರಿಸಿದಾಗ ಹದಿಮೂರನೇ ಸುತ್ತಿನಲ್ಲಿ ಮಾರ್ಸಿಯಾನೊಗೆ ಗೆಲುವು. ಅದನ್ನು ನೋಡಲು ಅವರೇ ಇರಲಿಲ್ಲ, ಐದು ತಿಂಗಳ ಹಿಂದೆ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು.

ಮೂರನೆಯದು, ಪಂದ್ಯವನ್ನೇ ಚಿಕ್ಕದು ಮಾಡಿದ್ದು. ಇದು ಚಾಂಪಿಯನ್ ಪಟ್ಟಕ್ಕಾಗಿ ಅಲ್ಲ, ಹತ್ತು ಸುತ್ತಿನ ಪ್ರದರ್ಶನ ಪಂದ್ಯ. ಅದಕ್ಕೂ ರಾಕಿಗೆ ಲೈಸೆನ್ಸ್ ಸುಲಭಕ್ಕೆ ಸಿಗುವುದಿಲ್ಲ, ಮಂಡಳಿಯ ಮುಂದೆ ನಿಂತು ವಾದಿಸಬೇಕಾಗುತ್ತದೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಜಾಣತನದ್ದು ಅನ್ನಿಸುತ್ತದೆ. ತರಬೇತಿ ಶುರುವಾಗುವ ಮುಂಚೆ ಹಳೆಯ ಕೋಚ್ ಡ್ಯೂಕ್, ರಾಕಿಯ ಮೈಯ ಲೆಕ್ಕವನ್ನು ಮುಖಕ್ಕೇ ಹೇಳುತ್ತಾನೆ. ಓಟ ಇಲ್ಲ. ಕುತ್ತಿಗೆಯಲ್ಲಿ ಸಂಧಿವಾತ. ಕೀಲುಗಳು ಗಟ್ಟಿಯಾಗಿವೆ, ಅಭ್ಯಾಸ ಪಂದ್ಯವೂ ಬೇಡ. ಉಳಿದಿರುವುದು ಒಂದೇ, ಹೊಡೆತದ ಭಾರ. ಪ್ರೇಕ್ಷಕ ಕೇಳಬೇಕು ಅಂದುಕೊಂಡ ಪ್ರಶ್ನೆಯನ್ನೆಲ್ಲ ಸಿನಿಮಾ ತಾನೇ ಕೇಳಿಬಿಟ್ಟರೆ ಅವನು ನಗುವುದು ಯಾವುದಕ್ಕೆ? ಇಷ್ಟಾದ ಮೇಲೂ ಪಂದ್ಯ ಏಕಪಕ್ಷೀಯ ಆಗಬಾರದು ಅಂತ, ಡಿಕ್ಸನ್‌ನ ಕೈ ಶುರುವಿನಲ್ಲೇ ಮುರಿಯುವ ಹಾಗೆ ಮಾಡಿದರು.

ಚಿತ್ರೀಕರಣದಲ್ಲೂ ಇದೇ ಲೆಕ್ಕಾಚಾರ. ಡಿಕ್ಸನ್ ಆಗಿ ನಟಿಸಿದ್ದು ಆಂಟೋನಿಯೊ ಟಾರ್ವರ್, ನಿಜವಾದ ಲೈಟ್ ಹೆವಿವೇಟ್ ಚಾಂಪಿಯನ್. ಪಂದ್ಯದ ದೃಶ್ಯಕ್ಕೆ ಲಾಸ್ ವೇಗಸ್‌ನ ಮಂಡಲೇ ಬೇ. ಅಲ್ಲಿ 2005ರ ಡಿಸೆಂಬರ್‌ನಲ್ಲಿ ಬರ್ನಾರ್ಡ್ ಹಾಪ್ಕಿನ್ಸ್ ಮತ್ತು ಜರ್ಮೇನ್ ಟೇಲರ್ ನಡುವಿನ ಪಂದ್ಯಕ್ಕೆ ಸೇರಿದ್ದ ಜನರನ್ನೇ ಬಳಸಿಕೊಂಡರು. ಸಾವಿರಾರು ಜನರನ್ನು ಬಾಡಿಗೆಗೆ ತರುವ ಖರ್ಚು ಉಳಿಯಿತು. ಟಿವಿಯಲ್ಲಿ ಬಾಕ್ಸಿಂಗ್ ವಿವರಣೆ ಕೊಡುವವರೇ ಸಿನಿಮಾದಲ್ಲೂ ಮಾತಾಡಿದರು. ನೇರಪ್ರಸಾರ ನೋಡಿದಂತೆ ಕಾಣುವ ಹಾಗೆ ಚಿತ್ರೀಕರಿಸಿದರು. ಪಾಪ, ಟಾರ್ವರ್‌ಗೆ ಮಾತ್ರ ಇದರ ಬಿಸಿ ತಟ್ಟಿತು. ಪಾತ್ರಕ್ಕಾಗಿ ಮೈ ಬೆಳೆಸಿ, ಮತ್ತೆ ತೂಕ ಇಳಿಸಿಕೊಂಡು 2006ರ ಜೂನ್‌ನಲ್ಲಿ ರಿಂಗಿಗೆ ಇಳಿದರು. ಎದುರು ಇದ್ದದ್ದು ಅದೇ ಹಾಪ್ಕಿನ್ಸ್. ಟಾರ್ವರ್ ಸೋತರು.

ಇಷ್ಟಕ್ಕೂ ಆದ ಖರ್ಚು 2.4 ಕೋಟಿ ಡಾಲರ್. ಹದಿನಾರು ವರ್ಷ ಹಿಂದಿನ ಐದನೇ ಭಾಗದ ಖರ್ಚಿಗಿಂತಲೂ ಕಡಿಮೆ. ಬಂದದ್ದು ಜಗತ್ತಿನಾದ್ಯಂತ 15 ಕೋಟಿ ಡಾಲರ್‌ಗೂ ಜಾಸ್ತಿ. ಕಡಿಮೆ ದುಡ್ಡು ಇಲ್ಲಿ ಕೊರತೆಯಾಗಲಿಲ್ಲ, ಉಪಕಾರವಾಯಿತು. ದುಡ್ಡು ಜಾಸ್ತಿ ಇದ್ದರೆ ಇನ್ನೊಬ್ಬ ದೈತ್ಯನನ್ನು ತಂದು ನಿಲ್ಲಿಸುತ್ತಿದ್ದರೇನೋ. ಇಲ್ಲದ್ದರಿಂದ ರಾಕಿ ಫಿಲಡೆಲ್ಫಿಯಾದ ಓಣಿಗಳಿಗೆ ವಾಪಸು ಬಂದ.

ಕುರ್ಚಿ, ಮರ, ಸಮಾಧಿ

ಆ ಸಿನಿಮಾದಲ್ಲಿ ರಾಕಿಯ ಹೆಂಡತಿ ಏಡ್ರಿಯನ್ ತೀರಿಕೊಂಡಿದ್ದಾಳೆ. ಅವಳ ಹೆಸರಿನಲ್ಲಿ ಒಂದು ಹೋಟೆಲ್. ಊಟಕ್ಕೆ ಬಂದವರ ಮೇಜಿನ ಪಕ್ಕ ನಿಂತು ರಾಕಿ ಹಳೆಯ ಪಂದ್ಯಗಳ ಕತೆ ಹೇಳುತ್ತಾನೆ. ಸ್ಮಶಾನಕ್ಕೆ ಹೋದಾಗ ಪಕ್ಕದ ಮರದ ಕೊಂಬೆಗೆ ಸಿಕ್ಕಿಸಿಟ್ಟ ಮಡಚುವ ಕುರ್ಚಿಯನ್ನು ಇಳಿಸಿಕೊಂಡು ಸಮಾಧಿಯ ಎದುರು ಕೂರುತ್ತಾನೆ. ಹೊರಡುವಾಗ ಮತ್ತೆ ಅಲ್ಲೇ ಸಿಕ್ಕಿಸುತ್ತಾನೆ. ನಾಳೆಯೂ ಬರುತ್ತಾನೆ ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಿಲ್ಲ, ಆ ಕುರ್ಚಿಯೇ ಹೇಳುತ್ತದೆ.

ಕೊನೆಯ ಪಂದ್ಯದಲ್ಲಿ ರಾಕಿ ಸೋಲುತ್ತಾನೆ, ತೀರ್ಪುಗಾರರ ನಡುವೆ ಒಮ್ಮತವಿಲ್ಲದ ಅಂಕಗಳಲ್ಲಿ. ತೀರ್ಪು ಓದುವ ಹೊತ್ತಿಗೆ ಅವನು ರಿಂಗ್ ಬಿಟ್ಟು ಜನರ ನಡುವೆ ನಡೆದುಹೋಗುತ್ತಿರುತ್ತಾನೆ. ಅವನು ಗೆಲ್ಲುವ ಇನ್ನೊಂದು ಅಂತ್ಯವನ್ನೂ ಚಿತ್ರೀಕರಿಸಿದ್ದರು. ಅದು ಡಿವಿಡಿಯ ಹೆಚ್ಚುವರಿ ತುಣುಕುಗಳಲ್ಲಿ ಉಳಿಯಿತು. ಬಿಟ್ಟದ್ದೇ ಸರಿ. 1976ರಲ್ಲೂ ಅವನು ಹೀಗೇ ಅಂಕಗಳಲ್ಲಿ ಸೋತಿದ್ದ, ಆಗಲೂ ತೀರ್ಪಿನ ಕಡೆ ಅವನ ಗಮನ ಇರಲಿಲ್ಲ. ಶುರುವೂ ಕೊನೆಯೂ ಒಂದೇ ಹದದಲ್ಲಿ ಸೇರಿಕೊಂಡವು.

ಕತೆಯ ಮಟ್ಟಿಗೆ ಹೇಳುವುದಾದರೆ ಇದಕ್ಕಿಂತ ಪೂರ್ತಿಯಾದ ಅಂತ್ಯ ಬೇಕಿಲ್ಲ.

ಹಾಗಾದರೆ ಮತ್ತೆ ಬಂದದ್ದೇಕೆ?

ಮೊದಲ ಕಾರಣ ಒಬ್ಬ ಯುವಕ. ರಯನ್ ಕೂಗ್ಲರ್ ಎಂಬ ನಿರ್ದೇಶಕ, ತಂದೆಯ ಜೊತೆ ಕೂತು ರಾಕಿ ಸಿನಿಮಾ ನೋಡುತ್ತ ಬೆಳೆದವರು. ತಂದೆಗೆ ಕಾಯಿಲೆಯಾದಾಗ ಅವರಿಗೆ ಹೊಳೆದ ಕತೆ ‘ಕ್ರೀಡ್’. ರಾಕಿಯ ಹಳೆಯ ಎದುರಾಳಿ, ಸತ್ತುಹೋದ ಅಪೋಲೊ ಕ್ರೀಡ್‌ನ ಮಗ ಬಾಕ್ಸರ್ ಆಗುತ್ತಾನೆ, ಕಾಯಿಲೆ ಬಿದ್ದ ರಾಕಿ ಅವನ ಗುರು. ಸ್ಟಲೋನ್ ಮೊದಲು ಒಪ್ಪಲಿಲ್ಲ. ಮುಗಿದದ್ದನ್ನು ಮತ್ತೆ ಯಾಕೆ ತೆರೆಯುವುದು ಎಂಬ ಅಳುಕು. ಕೊನೆಗೆ ಒಪ್ಪಿದರು. ಈ ಸರಣಿಯಲ್ಲಿ ಅವರು ಬರೆಯದೆ ನಟಿಸಿದ ಮೊದಲ ಸಿನಿಮಾ ಅದು. ಗೋಲ್ಡನ್ ಗ್ಲೋಬ್ ಬಂತು. 1977ರಲ್ಲಿ ಯಾವ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತೋ ಅದೇ ಪಾತ್ರಕ್ಕೆ 2016ರಲ್ಲಿ ಮತ್ತೆ ಸಿಕ್ಕಿತು.

ಅಂದರೆ ‘ಕ್ರೀಡ್’ ಸುಮ್ನೆ ದುಡ್ಡಿಗೆ ಎಳೆದ ಬಾಲ ಅಲ್ಲ. ಅಲ್ಲೂ ಆ ಮಡಚುವ ಕುರ್ಚಿ ಮರದ ಮೇಲೇ ಇದೆ.

ಎರಡನೇ ಕಾರಣ ಅಷ್ಟು ಭಾವುಕವಲ್ಲ. ‘ಕ್ರೀಡ್’ ಜಗತ್ತಿನಾದ್ಯಂತ 17 ಕೋಟಿ ಡಾಲರ್ ತಂದಿತು, ‘ಕ್ರೀಡ್ 2’ 21 ಕೋಟಿ. ಅಪೋಲೊನ ಮಗನ ಪಾತ್ರ ಮಾಡುವ ಮೈಕೆಲ್ ಬಿ. ಜಾರ್ಡನ್ ತಾವೇ ನಿರ್ದೇಶಿಸಿ ನಟಿಸಿದ ‘ಕ್ರೀಡ್ 3’ 27 ಕೋಟಿ. ಈ ಮೂರನೆಯದೇ ನಿರ್ಣಾಯಕ. ರಾಕಿ ಇಲ್ಲದೆಯೂ ಗಲ್ಲಾಪೆಟ್ಟಿಗೆ ತುಂಬುತ್ತದೆ ಎಂದು ಅದು ತೋರಿಸಿಕೊಟ್ಟಿತು. ಅಲ್ಲಿಯವರೆಗೆ ಸ್ಟಲೋನ್ ಕೈಯಲ್ಲಿ ಕಾಗದ ಇಲ್ಲದಿದ್ದರೂ ಮುಖ ಇತ್ತು. ಆ ಮುಖ ಇಲ್ಲದೆ ಸಿನಿಮಾ ಇಲ್ಲ ಎಂಬ ಬಲ ಇತ್ತು. ಆ ಬಲ 2023ರಲ್ಲಿ ಕರಗಿತು.

ಎರಡು ಕಡೆಯ ವಾದ

ಸ್ಟಲೋನ್ ವಾದ ಸರಳ. ಪಾತ್ರವನ್ನು ಹುಟ್ಟಿಸಿದ್ದು ನಾನು, ಮೊದಲ ಆರು ಸಿನಿಮಾ ಬರೆದದ್ದು ನಾನು, ನಾಲ್ಕನ್ನು ನಿರ್ದೇಶಿಸಿದ್ದೂ ನಾನು. ಆದರೂ ಅದರಲ್ಲಿ ನನಗೆ ಮಾಲೀಕತ್ವದ ಒಂದು ಚೂರೂ ಇಲ್ಲ. 2019ರಲ್ಲಿ ಸಂದರ್ಶನದಲ್ಲಿ ಇದನ್ನು ಹೇಳಿಕೊಂಡರು. 2022ರಲ್ಲಿ ದನಿ ಏರಿತು. ಮಕ್ಕಳಿಗೆ ಬಿಟ್ಟುಹೋಗಲು ಒಂದಿಷ್ಟಾದರೂ ಹಕ್ಕು ವಾಪಸು ಕೊಡಿ ಅಂತ ವಿಂಕ್ಲರ್ ಅವರನ್ನು ಉದ್ದೇಶಿಸಿ ಇನ್‌ಸ್ಟಾಗ್ರಾಂನಲ್ಲಿ ಬಹಿರಂಗವಾಗಿಯೇ ಬರೆದರು. ಡ್ರಾಗೊ ಪಾತ್ರದ ಮೇಲೆ ಬೇರೆ ಸಿನಿಮಾ ಬರುತ್ತದೆ ಎಂಬ ಸುದ್ದಿ ಬಂದಾಗಲಂತೂ ಕೆಂಡವಾದರು.

ನಿರ್ಮಾಪಕರ ಪರವಾಗಿ ಹೇಳುವ ಮಾತೂ ಹಗುರವಲ್ಲ. 1976ರಲ್ಲಿ ಹೆಸರಿಲ್ಲದ ನಟನನ್ನು ನಂಬಿದ್ದು ಅವರು. ಚಿತ್ರೀಕರಣಕ್ಕೆ ದುಡ್ಡು ಸಾಲದಾದಾಗ ವಿಂಕ್ಲರ್ ಮತ್ತು ಚಾರ್ಟಾಫ್ ತಮ್ಮ ಮನೆಗಳನ್ನೇ ಅಡವಿಟ್ಟರು. ಸಿನಿಮಾ ಮುಳುಗಿದ್ದರೆ ಬೀದಿಗೆ ಬರುತ್ತಿದ್ದವರು ಅವರು. ಸ್ಟಲೋನ್‌ಗೆ ಸಂಭಾವನೆಯೂ ಬಂತು, ಜಗತ್ತಿನ ದೊಡ್ಡ ತಾರೆ ಎಂಬ ಸ್ಥಾನವೂ ಬಂತು. ಕತೆಯ ಹಕ್ಕು ನಿರ್ಮಾಪಕರಿಗೆ ಹೋಗುವುದು ಹಾಲಿವುಡ್‌ನಲ್ಲಿ ಆಗಲೂ ಈಗಲೂ ಮಾಮೂಲು.

ಸ್ವಾರಸ್ಯವೆಂದರೆ ಇದೇ ಬಗೆಯ ತಕರಾರು ಸ್ಟಲೋನ್ ಎದುರೂ ಬಂದಿತ್ತು. ನನ್ನ ಬದುಕಿನಿಂದ ಹುಟ್ಟಿದ ಕತೆ, ನನ್ನ ಹೆಸರು ಬಳಸಿಕೊಂಡು ನನಗೇನೂ ಕೊಡಲಿಲ್ಲ ಅಂತ ಚಕ್ ವೆಪ್ನರ್ 2003ರಲ್ಲಿ ಮೊಕದ್ದಮೆ ಹೂಡಿದರು. 2006ರಲ್ಲಿ, ಅಂದರೆ ‘ರಾಕಿ ಬಾಲ್ಬೋವಾ’ ಬಂದ ವರ್ಷವೇ, ಅದು ರಾಜಿಯಲ್ಲಿ ಮುಗಿಯಿತು.

ನನ್ನ ಮಟ್ಟಿಗೆ, ಕಾನೂನು ನಿರ್ಮಾಪಕರ ಕಡೆ ಇದೆ, ನ್ಯಾಯದ ತಕ್ಕಡಿ ಸ್ವಲ್ಪ ಸ್ಟಲೋನ್ ಕಡೆ ವಾಲುತ್ತದೆ. ಮನೆ ಅಡವಿಟ್ಟ ಸಾಲ ಮೊದಲ ಸಿನಿಮಾದಲ್ಲೇ ತೀರಿತು. ಬರೆದವನ ಋಣ ಒಂಬತ್ತನೇ ಸಿನಿಮಾಗೂ ತೀರಿಲ್ಲ.

ಕಾನೂನಿನಲ್ಲಿ ವಾಪಸು ದಾರಿ ಇದೆಯೇ?

ಒಂದು ಕಿರುದಾರಿ ಇದೆ. ಬಡತನದಲ್ಲಿ ಅಗ್ಗಕ್ಕೆ ಬರಹ ಮಾರಿಕೊಂಡವರಿಗೆ ಅಮೆರಿಕದ ಕಾಪಿರೈಟ್ ಕಾನೂನು ಎರಡನೇ ಅವಕಾಶ ಕೊಡುತ್ತದೆ. 1978ಕ್ಕೂ ಮುಂಚಿನ ಕೃತಿಯಾದರೆ, ಕಾಪಿರೈಟ್ ಶುರುವಾಗಿ 56 ವರ್ಷವಾದ ಮೇಲೆ, ಮೊದಲೇ ನೋಟಿಸ್ ಕೊಟ್ಟು, ಬಿಟ್ಟುಕೊಟ್ಟ ಹಕ್ಕನ್ನು ಲೇಖಕ ವಾಪಸು ಕೇಳಬಹುದು. ಆದರೆ ಷರತ್ತಿದೆ. ಸಂಬಳಕ್ಕೋ ಗುತ್ತಿಗೆಗೋ ಬೇರೆಯವರಿಗಾಗಿ ಬರೆದುಕೊಟ್ಟದ್ದಾದರೆ ಈ ಅವಕಾಶ ಇಲ್ಲ. ಮೊದಲ ರಾಕಿಯನ್ನು ಸ್ಟಲೋನ್ ತಾವಾಗಿಯೇ ಬರೆದು ಆಮೇಲೆ ಕೊಟ್ಟದ್ದು. ಆಮೇಲಿನವು ಸ್ಟುಡಿಯೋಗಾಗಿ ಬರೆದವು. ಹಾಗಾಗಿ ವಾದಕ್ಕೆ ಜಾಗ ಇದ್ದರೆ ಅದು ಮೊದಲನೆಯದಕ್ಕೆ ಮಾತ್ರ.

ಇಂಥದ್ದು ಕೋರ್ಟಿನಲ್ಲಿ ಒಮ್ಮೆ ನಡೆದೂ ಇದೆ, 1978ರ ನಂತರ ಬಿಟ್ಟುಕೊಟ್ಟ ಹಕ್ಕಿಗೆ ಕಾಯುವ ಅವಧಿ 56 ವರ್ಷಕ್ಕಿಂತ ಕಡಿಮೆ. ‘ಫ್ರೈಡೇ ದ ಥರ್ಟೀನ್ತ್’ ಎಂಬ ಹಾರರ್ ಚಿತ್ರದ ಲೇಖಕ ವಿಕ್ಟರ್ ಮಿಲ್ಲರ್, 1980ರ ಆ ಮೂಲ ಚಿತ್ರಕತೆಯ ಹಕ್ಕನ್ನು 2021ರಲ್ಲಿ ಮೇಲ್ಮನವಿಯಲ್ಲೂ ಗೆದ್ದುಕೊಂಡರು. ಗೆದ್ದದ್ದು ಅಮೆರಿಕದೊಳಗಿನ ಹಕ್ಕು ಮಾತ್ರ. ನಂತರದ ಭಾಗಗಳಲ್ಲಿ ಸೇರಿದ್ದೆಲ್ಲ ಬೇರೆಯವರ ಬಳಿಯೇ ಉಳಿಯಿತು. ಒಂದೇ ಮನೆಗೆ ಇಬ್ಬರು ಬೀಗ ಹಾಕಿದ ಹಾಗೆ. 2009ರ ನಂತರ ಆ ಸರಣಿ ವರ್ಷಗಟ್ಟಲೆ ಹೊಸ ಸಿನಿಮಾ ಕಾಣದೆ ಕೂತಿತು.

ನಮ್ಮಲ್ಲಿ ಕಾಪಿರೈಟ್ ಕಾನೂನಿನ 2012ರ ತಿದ್ದುಪಡಿ ಇದಕ್ಕೆ ಇನ್ನೊಂದು ದಾರಿ ಹಿಡಿಯಿತು. ಸಿನಿಮಾಗೆ ಬರೆದವರು, ಸಂಗೀತ ಕೊಟ್ಟವರು ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳ ರಾಯಧನದಲ್ಲಿ ತಮ್ಮ ಸಮಪಾಲನ್ನು ಬಿಟ್ಟುಕೊಡಲು ಬರುವುದಿಲ್ಲ, ಸಹಿ ಹಾಕಿದರೂ ಆ ಸಹಿ ನಿಲ್ಲುವುದಿಲ್ಲ. ಆದರೆ ಅದು ದುಡ್ಡಿನ ಪಾಲು. ಮುಂದಿನ ಭಾಗ ಬೇಕೋ ಬೇಡವೋ ಎನ್ನುವ ಅಧಿಕಾರ ಅದರಲ್ಲೂ ಲೇಖಕನಿಗೆ ಬರುವುದಿಲ್ಲ.

ಮುಂದೇನಾಗಬಹುದು

ಯುನೈಟೆಡ್ ಆರ್ಟಿಸ್ಟ್ಸ್ 1981ರಲ್ಲಿ ಎಂಜಿಎಂ ಎಂಬ ಇನ್ನೊಂದು ಸ್ಟುಡಿಯೋ ಪಾಲಾಯಿತು. ಎಂಜಿಎಂ ಅನ್ನು 2022ರಲ್ಲಿ ಅಮೆಜಾನ್ ಸುಮಾರು 850 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಷ್ಟು ಸುರಿದವರು ರಾಕಿಯಂಥ ಹೆಸರನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕುವುದಿಲ್ಲ. ಚಿತ್ರಮಂದಿರ ಇಲ್ಲದಿದ್ದರೆ ಓಟಿಟಿ, ಸಿನಿಮಾ ಇಲ್ಲದಿದ್ದರೆ ಧಾರಾವಾಹಿ. ಕ್ರೀಡ್ ಕುಟುಂಬದ ಕತೆ ಮುಂದುವರಿಯುವ ಸಾಧ್ಯತೆಯೇ ಜಾಸ್ತಿ. ಅದರಲ್ಲಿ ರಾಕಿ ಫೋಟೋದಲ್ಲೋ ಮಾತಿನಲ್ಲೋ ಇರುತ್ತಾನೆ.

ಸ್ಟಲೋನ್ ಮನಸ್ಸಿನಲ್ಲಿದ್ದ ಏಳನೇ ರಾಕಿ, ಅಂದರೆ ಕಾಗದಪತ್ರವಿಲ್ಲದೆ ಅಮೆರಿಕಕ್ಕೆ ಬಂದ ಯುವ ಬಾಕ್ಸರ್‌ನೊಬ್ಬನಿಗೆ ಮುದುಕ ರಾಕಿ ಆಸರೆಯಾಗುವ ಕತೆ, 2019ರಲ್ಲಿ ಮಾತುಕತೆಯ ಹಂತದಲ್ಲೇ ನಿಂತಿತು. ಅದಕ್ಕೆ ವಿಂಕ್ಲರ್ ಒಪ್ಪಿಗೆ ಬೇಕು. ವಿಂಕ್ಲರ್ ಹುಟ್ಟಿದ್ದು 1931ರಲ್ಲಿ. ಚಾರ್ಟಾಫ್ 2015ರಲ್ಲೇ ಹೋದರು. ವಿಂಕ್ಲರ್ ಮಕ್ಕಳೂ ಈಗ ಕ್ರೀಡ್ ಚಿತ್ರಗಳ ನಿರ್ಮಾಪಕರು.

ಇನ್ನು ಆ 56 ವರ್ಷದ ಕಿರುದಾರಿ. 1976ರಿಂದ ಎಣಿಸಿದರೆ ಅದು ತೆರೆಯುವುದು 2032ರಲ್ಲಿ. ಆ ವರ್ಷದ ಜುಲೈಗೆ ಸ್ಟಲೋನ್‌ಗೆ 86 ತುಂಬುತ್ತದೆ.